ವಂಶದ ಮೇಲೆ ಗೂಬೆ, ಬಾಯಲ್ಲಿ ಬೀಡಿ!

ಮಗು ಸಣ್ಣದಾಗಿ ಹುಟ್ಟಿತೆಂದರೆ ಮೊದಲು ಸಿಕ್ಕಿಬೀಳುವುದು ವಂಶ. ಅದರಲ್ಲೂ ಸೊಸೆಯ ತವರಿನ ವಂಶ! "ಅವರ ಮನೆಯೋರೆಲ್ಲ ಹಂಗೇ ಕಣ್ರೀ, ಕಡ್ಡಿ ಕಡ್ಡಿ" ಎಂದು ಒಂದು ಮಾತು ಹೇಳಿ ಅತ್ತೆ ಮನೆಯವರು ಕೇಸು ಮುಗಿಸಿಬಿಡುತ್ತಾರೆ. ತೀರ್ಪು ಕೊಟ್ಟ ಮಾವನವರು ಆಸ್ಪತ್ರೆ ಗೇಟಿನಾಚೆ ಹೋಗಿ ಬೀಡಿ ಹಚ್ಚುತ್ತಾರೆ. ಅದೇ ಬೀಡಿಯ ಹೊಗೆ ಒಂಬತ್ತು ತಿಂಗಳು ಬಸುರಿಯ ಮೂಗಿಗೂ ಹೋಗಿದೆ ಎಂಬ ಲೆಕ್ಕ ಯಾರೂ ಇಡುವುದಿಲ್ಲ.

ಹುಟ್ಟಿದ ಕೂಸು ಎರಡೂವರೆ ಕೇಜಿಗಿಂತ ಕಡಿಮೆ ತೂಗಿದರೆ ಡಾಕ್ಟರುಗಳು ಅದನ್ನು ಕಡಿಮೆ ತೂಕದ ಮಗು ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ಬರೆದಿಟ್ಟ ಕೂಸುಗಳಲ್ಲಿ ನೂರಕ್ಕೆ ಸುಮಾರು 18 ಇಂಥವು. ಎಲ್ಲದಕ್ಕೂ ತಂಬಾಕೇ ಕಾರಣ ಎನ್ನುವಂತಿಲ್ಲ. ತಾಯಿಗೆ ರಕ್ತ ಕಡಿಮೆ, ಹೊಟ್ಟೆಗೆ ಸಾಲದ ಊಟ, ಎಳೇ ವಯಸ್ಸಿನ ಮದುವೆ, ದಿನ ತುಂಬುವ ಮೊದಲೇ ಹೆರಿಗೆ, ಇವೆಲ್ಲ ಇವೆ. ಆದರೆ ಕಾಸು ಖರ್ಚಿಲ್ಲದೆ ಇವತ್ತೇ ನಿಲ್ಲಿಸಬಹುದಾದ ಕಾರಣ ಒಂದಿದೆ. ಅದರ ಮೇಲೆ ಮಾತ್ರ ಯಾರ ಬೆರಳೂ ಹೋಗುವುದಿಲ್ಲ.

ಹಾಗಾದರೆ ವಂಶದ ಮಾತು ಪೂರಾ ಸುಳ್ಳೇ? ಸುಳ್ಳಲ್ಲ. ತಂದೆತಾಯಿಯ ಮೈಕಟ್ಟು ಮಗುವಿನ ತೂಕದಲ್ಲಿ ಕಾಣುವುದು ನಿಜ. ಆದರೆ ವಂಶಕ್ಕೂ ಹೊಗೆಗೂ ಇರುವ ನಂಟು ಏನೆಂಬುದನ್ನು ಅಮೆರಿಕದ ಬಾಸ್ಟನ್ ನಗರದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹೆತ್ತ 741 ತಾಯಂದಿರ ವಿವರ 2002ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದಿದವರ ಮಕ್ಕಳು ಸೇದದವರ ಮಕ್ಕಳಿಗಿಂತ ಸರಾಸರಿ 377 ಗ್ರಾಂ ಕಡಿಮೆ ತೂಗಿದವು. ಹೊಗೆಯ ವಿಷವನ್ನು ಮೈಯಲ್ಲಿ ಅರಗಿಸಿ ಹೊರಹಾಕುವ ಕೆಲಸಕ್ಕೆ ಸಂಬಂಧಪಟ್ಟ ಎರಡು ಜೀನುಗಳನ್ನೂ ಪರೀಕ್ಷಿಸಿದರು. ಆ ಎರಡೂ ಅನುಕೂಲವಾಗಿಲ್ಲದ ತಾಯಿ ಸೇದಿದಾಗ ಮಗುವಿನ ತೂಕ ಸರಾಸರಿ 1285 ಗ್ರಾಂನಷ್ಟು ಕಡಿಮೆಯಾಗಿತ್ತು! ಅಂಥ ತಾಯಂದಿರ ಸಂಖ್ಯೆ ಚಿಕ್ಕದು, ಆದ್ದರಿಂದ ಗ್ರಾಮಿನ ಲೆಕ್ಕವನ್ನು ತಕ್ಕಡಿಯ ಹಾಗೆ ಹಿಡಿಯಬೇಕಿಲ್ಲ. ಮುಖ್ಯ ಮಾತು ಇನ್ನೊಂದಿದೆ. ಅದೇ ಜೀನು ಇದ್ದೂ ಸಿಗರೇಟು ಮುಟ್ಟದ ತಾಯಂದಿರ ಮಕ್ಕಳಿಗೆ ಜೀನಿನಿಂದಲೇ ತೂಕ ಇಳಿದದ್ದು ಕಾಣಲಿಲ್ಲ.

ಅಂದರೆ ಏನಾಯ್ತು? ವಂಶ ಪಟಾಕಿ ಮದ್ದಿದ್ದ ಹಾಗೆ. ಡಬ್ಬಿಯಲ್ಲಿ ಅದರ ಪಾಡಿಗೆ ಬಿದ್ದಿರುತ್ತೆ. ಕಿಡಿ ಹಚ್ಚುವುದು ಮನುಷ್ಯನೇ. ಯಾವ ಸೊಸೆಯ ಮೈಯಲ್ಲಿ ಯಾವ ಜೀನಿದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಗೊತ್ತಿಲ್ಲದ ಮೇಲೆ ಕಿಡಿಯನ್ನೇ ದೂರ ಇಡುವುದು ಬುದ್ಧಿವಂತಿಕೆ.

"ಸೇದೋರ ಜಾತಿಯೇ ಬೇರೆ, ಅವರ ಮಕ್ಕಳು ಹೆಂಗಿದ್ರೂ ಸಣ್ಣವೇ" ಎಂಬ ವಾದವೂ ದೊಡ್ಡ ದೊಡ್ಡ ಪಂಡಿತರಿಂದಲೇ ಬಂದಿತ್ತು. ಅದಕ್ಕೆ 1984ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಉತ್ತರ ಸಿಕ್ಕಿತು. ಸೇದುವ 935 ಬಸುರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಬಿಡಲು ಬೆನ್ನುಹತ್ತಿ ಸಹಾಯ ಮಾಡಿದರು. ಅವರ ಮಕ್ಕಳು ಸರಾಸರಿ 92 ಗ್ರಾಂ ಹೆಚ್ಚು ತೂಗಿದವು. ವಂಶ ಬದಲಾಗಲಿಲ್ಲ, ಚಟ ಕಡಿಮೆಯಾಯಿತು ಅಷ್ಟೆ.

ಹೊಗೆ ಒಳಗೆ ಮಾಡುವ ಕೆಲಸ ಸರಳ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ತಾಯಿಯ ರಕ್ತದಲ್ಲಿ ಆಮ್ಲಜನಕದ ಸೀಟು ಹಿಡಿದು ಕೂರುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಮಾಸಿನ ಮೂಲಕ ಮಗುವಿಗೆ ಹೋಗಬೇಕಾದ ಉಸಿರು, ಊಟ ಎರಡಕ್ಕೂ ಕತ್ತರಿ.

"ನಮ್ಮ ಹೆಂಗಸರು ಸಿಗರೇಟು ಸೇದ್ತಾರೇನ್ರೀ?" ಎಂದು ಅಂಗಡಿಯವರು ಕೇಳಬಹುದು. ಸೇದುವವರು ಕಡಿಮೆ, ಒಪ್ಪೋಣ. ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು? ಮುಂಬಯಿಯಲ್ಲಿ 1217 ಹೆಂಗಸರ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದ್ದವು. ಹೊಗೆ ಇಲ್ಲದಿದ್ದರೆ ಹಗೆಯೂ ಇಲ್ಲ ಎಂಬ ಸಮಾಧಾನ ಬೇಡ. ಪಕ್ಕದವರ ಹೊಗೆ ಕುಡಿಯುವ ಬಸುರಿಯ ಮಗುವಿಗೂ ತೂಕ ಕೊಂಚ ತಪ್ಪುತ್ತದೆ.

ಕಾನೂನಿಗೇನು ಬರವಿಲ್ಲ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಗಿ ಅದೇ ಮಾಲು ಗೂಡಂಗಡಿಯಲ್ಲಿ ತೋರಣ ಕಟ್ಟಿತು! 2025ರಲ್ಲಿ ರಾಜ್ಯದ ತಿದ್ದುಪಡಿ ಬಂದು ದಂಡ ಸಾವಿರ ರೂಪಾಯಿಗೆ ಏರಿತು, 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ ಎಂದಾಯಿತು. ಬಸ್ ಸ್ಟ್ಯಾಂಡಿನ 'ಧೂಮಪಾನ ನಿಷೇಧಿಸಿದೆ' ಬೋರ್ಡಿನ ಕೆಳಗೇ ಹೊಗೆ ಏಳುವುದು ಮಾತ್ರ ತಪ್ಪಿಲ್ಲ. ಅದೇ ಬೆಂಚಿನ ಮೇಲೆ ತಾಯಿ ಕಾರ್ಡ್ ಹಿಡಿದ ಬಸುರಿ ಸೆರಗು ಮೂಗಿಗೆ ಮುಚ್ಚಿ ಬಸ್ಸು ಕಾಯುತ್ತಾಳೆ.

ಅಂಗಡಿಯವರ ಹೊಟ್ಟೆಪಾಡು ದೊಡ್ಡದೇ, ಅಲ್ಲವೆನ್ನುವಂತಿಲ್ಲ. ಆದರೂ ಬಸುರಿ ಹೆಂಗಸು ಕಡ್ಡಿಪುಡಿ ಕೇಳಿದರೆ "ಬೇಡ ಕಣಕ್ಕಾ, ಮಗು ಸೊರಗುತ್ತೆ" ಎಂದು ಒಂದು ಮಾತು ಹೇಳಲು ಬಂಡವಾಳ ಬೇಕೆ? ಅಂಗಡಿ ಮುಂದೆ ನೇತುಹಾಕಿದ ಲೈಟರ್ ಬಿಚ್ಚಿಟ್ಟರೆ ವ್ಯಾಪಾರ ಮುಳುಗೀತೆ?

ಇನ್ನು ಆರೋಗ್ಯ ಇಲಾಖೆ. ತಪಾಸಣೆಗೆ ಬಂದ ಬಸುರಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಕೆಲಸ ಮುಗಿಯಲಿಲ್ಲ. ಮನೆಯಲ್ಲಿ ಯಾರು ಸೇದುತ್ತಾರೆ, ಯಾರು ಜಗಿಯುತ್ತಾರೆ ಎಂದು ಕೇಳಿ ಬರೆದುಕೊಳ್ಳಲಿ. ಬುದ್ಧಿಮಾತು ಸೊಸೆಗೊಬ್ಬಳಿಗೇ ಬೇಡ, ಗಂಡನನ್ನೂ ಅತ್ತೆ ಮಾವನನ್ನೂ ಕೂರಿಸಿ ಹೇಳಲಿ. ಬಸುರಿನ ಮೊದಲ ತಿಂಗಳುಗಳಲ್ಲೇ ಬಿಟ್ಟರೆ ಹೆಚ್ಚಿನ ನಷ್ಟ ತಪ್ಪುತ್ತದೆ. ಬಸ್ ನಿಲ್ದಾಣದ ಅಧಿಕಾರಿಗಳು ದಂಡದ ರಸೀದಿ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಲಿ.

ಹುಟ್ಟದ ಕೂಸಿಗೆ ಓಟಿಲ್ಲ, ಅರ್ಜಿ ಬರೆಯಲು ಬರುವುದಿಲ್ಲ. ಅದರ ಪರವಾಗಿ ಇಷ್ಟಾದರೂ ಮಾಡುತ್ತಾರೆಯೇ, ಸಂಬಂಧಪಟ್ಟವರು?