ಪಾದದ ನಡುಗೀಲಿನ ನೋವಿಗೆ ಬೆಸುಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಯಸ್ಸಾಯಿತೆಂದು ತೋಟ ಮರೆಯುವವರು ವಿರಳ. ಬಿದ್ದ ಕಾಯಿ ಆಯಲು ತಗ್ಗುದಿಣ್ಣೆಗಳಲ್ಲಿ ಸುತ್ತಬೇಕು; ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಕೂಡಿಟ್ಟ ಕಾಯಿಯನ್ನು ನೋಡಲು ಏಣಿಯೇರಿ ಅಟ್ಟ ಹತ್ತಬೇಕು. ಏಣಿಯ ಮೆಟ್ಟಿಲು ಒತ್ತುವುದು ಪಾದದ ನಡುಭಾಗವನ್ನೇ. ಅಲ್ಲಿನ ಕೀಲು ಸವೆದ ಹಿರಿಯರಿಗೆ ಒಂದೊಂದು ಮೆಟ್ಟಿಲೂ ಯಾತನೆ.

ಪಾದದ 26 ಮೂಳೆಗಳಲ್ಲಿ ನಡುವಣ ಐದು ಸಣ್ಣ ಮೂಳೆಗಳು, ಬೆರಳುಗಳತ್ತ ಚಾಚಿದ ಐದು ನೀಳ ಮೂಳೆಗಳೊಡನೆ ಕೂಡಿ ಕಮಾನು ಕಟ್ಟುತ್ತವೆ. ಅವುಗಳ ತುದಿಯನ್ನು ಹೊದೆದಿರುವ ಮೃದ್ವಸ್ಥಿಯು ವಯಸ್ಸಿನಿಂದಲೋ, ಹಳೆಯ ಪೆಟ್ಟಿನಿಂದಲೋ, ಸಂಧಿವಾತದಿಂದಲೋ ಸವೆದಾಗ ಮೂಳೆಗೆ ಮೂಳೆ ಉಜ್ಜಿ ನೋವೇಳುತ್ತದೆ. ಪಾದದ ಮೇಲೆ ಗಂಟೂ ಕಾಣಿಸಬಹುದು.

ಮೊದಲು ಬೇಕಾದುದು ಕತ್ತಿಯಲ್ಲ, ಪಾದರಕ್ಷೆ. ಬಗ್ಗದ ಗಟ್ಟಿ ಅಟ್ಟೆ, ಕಮಾನಿಗೆ ಆಸರೆ, ತೂಕದ ಇಳಿಕೆ, ವೈದ್ಯರು ಹೇಳಿದ ಔಷಧ ಅಥವಾ ಇಂಜೆಕ್ಷನ್ - ಇಷ್ಟರಿಂದಲೇ ಎಷ್ಟೋ ಮಂದಿಗೆ ನೆಮ್ಮದಿ ದೊರೆಯುತ್ತದೆ.

ಇದಾವುದಕ್ಕೂ ಬಗ್ಗದ ನೋವಿಗೆ ಶಸ್ತ್ರಚಿಕಿತ್ಸೆಯುಂಟು. ಮೊಣಕಾಲಿನಂತೆ ಇಲ್ಲಿ ಕೃತಕ ಕೀಲು ಜೋಡಿಸುವ ರೂಢಿಯಿಲ್ಲ. ಸವೆದ ಮೃದ್ವಸ್ಥಿಯನ್ನು ಕೆರೆದು ತೆಗೆದು, ಮೂಳೆಗಳನ್ನು ಒಂದಕ್ಕೊಂದು ಒತ್ತಿ, ಸ್ಕ್ರೂ ಮತ್ತು ಪಟ್ಟಿಗಳಿಂದ ಬಿಗಿಯುತ್ತಾರೆ. ಕ್ರಮೇಣ ಅವು ಒಂದೇ ಮೂಳೆಯಾಗಿ ಬೆಸೆಯುತ್ತವೆ. ಕೀಲೇ ಅಲುಗದಿದ್ದರೆ ನಡೆಯುವುದೆಂತು ಎಂಬ ಶಂಕೆ ಸಹಜ. ಆದರೆ ಹೆಬ್ಬೆರಳ ಕಡೆಯ ಮೂರು ಕೀಲುಗಳು ಆರೋಗ್ಯದಲ್ಲಿಯೂ ಅಲುಗುವುದು ಅತ್ಯಲ್ಪ. ಆದುದರಿಂದ ನಷ್ಟವೂ ಅಲ್ಪವೇ. ಕಿರುಬೆರಳ ಕಡೆಯ ಎರಡು ಕೀಲುಗಳು ನಡಿಗೆಗೆ ಬಳುಕಬೇಕಾದುದರಿಂದ ಅವನ್ನು ಸಾಮಾನ್ಯವಾಗಿ ಬೆಸೆಯುವುದಿಲ್ಲ.

ಶಸ್ತ್ರಕ್ಕಿಂತ ಕಠಿನವಾದುದು ಅನಂತರದ ಸಂಯಮ. ಸಾಮಾನ್ಯವಾಗಿ 6ರಿಂದ 8 ವಾರ ಆ ಕಾಲನ್ನು ಊರುವಂತಿಲ್ಲ. ಬಾವು ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು. ಬೀಡಿ ಸಿಗರೇಟು ಸೇದುವವರಲ್ಲಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ ಮೂಳೆ ಕೂಡದೆ ಮತ್ತೊಮ್ಮೆ ಶಸ್ತ್ರಕ್ಕೊಳಗಾಗುವ ಭಯವೂ ಉಂಟು. ವಯಸ್ಸೊಂದೇ ಅಡ್ಡಿಯಲ್ಲ, ಪಾದದ ರಕ್ತಸಂಚಾರ, ಸ್ಪರ್ಶಜ್ಞಾನಗಳನ್ನು ವೈದ್ಯರು ಮೊದಲು ಪರೀಕ್ಷಿಸಬೇಕು.

ಆದ್ದರಿಂದ ದಿನ ಗೊತ್ತುಮಾಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಯೋಚಿಸುವುದು ಒಳಿತು. ಆ ಎರಡು ತಿಂಗಳು ತೋಟ ನೋಡುವವರಾರು? ಹಿರಿಯರನ್ನು ಬಚ್ಚಲಿಗೆ ನಡೆಸುವವರಾರು? ಇದಕ್ಕೆ ಉತ್ತರವಿಲ್ಲದೆ ಆಸ್ಪತ್ರೆಗೆ ಹೊರಟರೆ, ಅವಸರದಲ್ಲಿ ಊರಿದ ಒಂದು ಹೆಜ್ಜೆಯಿಂದ ಬೆಸುಗೆಯೇ ಕೆಡಬಹುದು. ಉತ್ತರ ದೊರೆತ ಮನೆಯ ಹಿರಿಯರು ನೋವಿನ ಹೊರೆಯನ್ನು ಬಹುಮಟ್ಟಿಗೆ ಇಳಿಸಿ ಮತ್ತೆ ತೋಟ ಸುತ್ತುವ ಆಸೆಯನ್ನು ಇಟ್ಟುಕೊಳ್ಳಬಹುದು.