ಕಳೆಯನ್ನು ತಿನ್ನುವವರು

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಹುಳುವಿನ ವಿಚಾರವನ್ನೆತ್ತಿದರೆ ಕೆಲವು ಮಿತ್ರರು ನಗಬಹುದು. ಅದು ವಿಜ್ಞಾನದವರ ಪಾಲಿನದು, ನಾವು ಪಂಪನನ್ನೂ ಪಾಣಿಪತ್ತಿನ ಯುದ್ಧಗಳನ್ನೂ ಓದಿಕೊಂಡರೆ ಸಾಕು, ಎನ್ನುವವರುಂಟು. ಆದರೆ ರಾಷ್ಟ್ರೀಯ ಸೇವಾ ಯೋಜನೆಯ ಹೆಸರಿನಲ್ಲಿ ಕೈಗೆ ಕುಡುಗೋಲು ಕೊಟ್ಟು ಮೈದಾನಕ್ಕೆ ಇಳಿಸುವಾಗ "ನೀನು ಕಲೆಯವನೋ ವಿಜ್ಞಾನದವನೋ" ಎಂದು ಯಾರೂ ಕೇಳುವುದಿಲ್ಲ. ಕಾಂಗ್ರೆಸ್ ಗಿಡವನ್ನು ಕೀಳುವ ಕರ್ತವ್ಯ ನಮ್ಮದಾದರೆ, ಅದನ್ನು ಯಾವಾಗ, ಹೇಗೆ ಕೀಳಬೇಕೆಂದು ವಿಚಾರಿಸುವ ಹಕ್ಕೂ ನಮ್ಮದೇ ಎಂದು ನನ್ನ ಅಭಿಪ್ರಾಯ.

ನಮ್ಮ ಶ್ರಮದಾನ ನಡೆಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಗಾಂಧಿ ಜಯಂತಿಯ ಹೊತ್ತಿಗೆ ಮೈದಾನ ಚೊಕ್ಕಟವಾಗಿರಲೆಂದು. ಅಷ್ಟರಲ್ಲಿ ಗಿಡಗಳು ಸೊಂಟದೆತ್ತರ ಬೆಳೆದು, ಬಿಳಿಯ ಹೂ ಹೊತ್ತು, ಮೊದಲ ಬೀಜಗಳನ್ನು ಆಗಲೇ ನೆಲಕ್ಕೆ ಉದುರಿಸಿರುತ್ತವೆ. ನಾವು ಕಿತ್ತು, ರಾಶಿ ಹಾಕಿ, ಬೆಂಕಿ ಕೊಟ್ಟು, ಚಿತ್ರ ತೆಗೆಸಿಕೊಳ್ಳುತ್ತೇವೆ. ಮುಂದಿನ ಮಳೆಗೆ ಮೈದಾನ ಎಂದಿನಂತೆ ಹಸುರು. ಈ ಪದ್ಧತಿಯಲ್ಲೇ ಏನೋ ತಪ್ಪಿದೆ.

ಪರಿಸರ ವಿಜ್ಞಾನಿಗಳು ಇಂತಹ ಪರದೇಶದ ಕಳೆಯನ್ನು ಕಂಡಾಗ ಕೇಳುವ ಪ್ರಶ್ನೆಯೊಂದು ನಮಗೆ ಹೊಳೆಯುವುದೇ ಇಲ್ಲ: ತವರಿನಲ್ಲಿ ಇದನ್ನು ತಿನ್ನುತ್ತಿದ್ದವರು ಯಾರು? ಯಾವ ಗಿಡವೂ ತನ್ನ ನಾಡಿನಲ್ಲಿ ನಿಶ್ಚಿಂತೆಯಿಂದ ಬೆಳೆಯುವುದಿಲ್ಲ. ಎಲೆಗೆ ಒಂದು ಹುಳು, ಕಾಂಡಕ್ಕೆ ಒಂದು ಕೊರಕ, ಬೀಜಕ್ಕೆ ಒಂದು ಮೂತಿಹುಳು, ಸಾಲದ್ದಕ್ಕೆ ತುಕ್ಕುರೋಗ. ಆದರೆ ಗಿಡ ಕಡಲು ದಾಟುವುದು ಬೀಜವಾಗಿ. ಈ ಸಂಸಾರವೆಲ್ಲ ಹಿಂದೆಯೇ ಉಳಿಯುತ್ತದೆ. ಹೊಸ ನಾಡಿನ ಹುಳುಗಳಿಗೆ ಅದರ ರುಚಿ ತಿಳಿಯದು. ದನ ಮೂಸಿ ನೋಡಿ ಮುಂದೆ ಹೋಗುತ್ತದೆ. ಕಳೆ ಹಬ್ಬುವುದಕ್ಕೆ ಇದೊಂದೇ ಕಾರಣವಲ್ಲ; ಅಗೆದು ಬಿಟ್ಟ ರಸ್ತೆಯಂಚು, ಪಾಳುಬಿದ್ದ ನಿವೇಶನ, ಅತಿಯಾಗಿ ಮೇಯಿಸಿದ ಗೋಮಾಳ ಇವೂ ಕಾರಣಗಳೇ. ಆದರೂ ತಿನ್ನುವವರ ಪ್ರಶ್ನೆಯನ್ನು ಬಿಟ್ಟರೆ ಉಳಿದ ಲೆಕ್ಕ ಕೂಡುವುದಿಲ್ಲ.

ಪಾರ್ಥೇನಿಯಂ ಎಂಬ ಈ ಗಿಡದ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಪ್ರದೇಶ. ನಮ್ಮ ದೇಶದಲ್ಲಿ ಅದು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಅಮೆರಿಕದ ಗೋಧಿಯ ಜೊತೆಯಲ್ಲಿ ಬಂದಿತೆಂಬ ಮಾತು ರೂಢಿಯಲ್ಲಿದೆ. "ಕಾಂಗ್ರೆಸ್" ಎಂಬ ಹೆಸರಿಗೂ ಅದೇ ಮೂಲವೆಂದು ಕೆಲವರೂ, ಹೂವು ಬಿಳಿಯ ಟೋಪಿಯಂತಿರುವುದರಿಂದ ಎಂದು ಕೆಲವರೂ ಹೇಳುತ್ತಾರೆ. (ರಾಜಕೀಯಶಾಸ್ತ್ರದ ಮಿತ್ರರು ಬೇಸರಿಸಬಾರದು.) ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲುದು. ಮುಟ್ಟಿದರೆ ಕೆಲವರಿಗೆ ಮೈ ತುರಿಕೆ, ಪುಡಿ ಮೂಗಿಗೆ ಹೋದರೆ ಕೆಲವರಿಗೆ ಉಬ್ಬಸ.

ತಿನ್ನುವ ಹುಳುವನ್ನು ಕರೆತಂದು ಕಳೆಯನ್ನು ತಗ್ಗಿಸಬಹುದೆಂಬ ಪಾಠವನ್ನು ನಮ್ಮ ನಾಡು ಕಲಿತದ್ದು ಅನಿರೀಕ್ಷಿತವಾಗಿ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕಥೆ ರುಚಿಸೀತು. ಕಳ್ಳಿಯ ಮೇಲೆ ಬೆಳೆಯುವ ಒಂದು ಹುಳುವಿನಿಂದ ತೆಗೆದ ಕೆಂಪು ಬಣ್ಣಕ್ಕೆ ಆ ಕಾಲದಲ್ಲಿ ಬಹಳ ಬೆಲೆ. ಅದರ ವ್ಯಾಪಾರವೋ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯವರಿಗೆ ಆಸೆಯಾಯಿತು. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಹುಳುವನ್ನು ತರಿಸಿದರು. ಬಂದದ್ದು ಬೇರೆಯೇ ಜಾತಿ. ಬಣ್ಣ ಕೀಳು, ವ್ಯಾಪಾರ ನಷ್ಟ. ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೀರಿ ಹೀರಿ ಒಣಗಿಸಿಬಿಟ್ಟಿತು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಅದು ಮುಟ್ಟಲಿಲ್ಲ. ಅದಕ್ಕೆಂದು 1926ರಲ್ಲಿ ಸಿಂಹಳದಿಂದ ಬೇರೊಂದು ಹುಳುವನ್ನು ತರಬೇಕಾಯಿತು. ಆ ಕಳ್ಳಿಯೂ ತಗ್ಗಿತು. ನಮ್ಮ ಕಣ್ಣಿಗೆ ಎರಡೂ ಮುಳ್ಳುಕಳ್ಳಿಯೇ. ಹುಳುವಿಗೆ ಅವು ಬೇರೆ ಬೇರೆ ಊಟ.

ಕಾಂಗ್ರೆಸ್ ಗಿಡಕ್ಕೆ ಸಿಕ್ಕಿದ್ದು ಮೆಕ್ಸಿಕೋದ ಒಂದು ದುಂಬಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ತರಿಸಿ, ಬೇರೆ ಪೈರುಗಳನ್ನು ತಿನ್ನುತ್ತದೆಯೋ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಹೊರಗೆ ಬಿಟ್ಟರು. ಕೆಲವು ವರ್ಷ ಅದರ ಸುಳಿವು ಅಷ್ಟಾಗಿ ಇರಲಿಲ್ಲ. ಆಮೇಲೆ ಮಳೆಗಾಲಗಳಲ್ಲಿ ಗಿಡಗಳು ಬರಿಯ ಕಡ್ಡಿಗಳಾಗಿ ನಿಲ್ಲತೊಡಗಿದವು. ಈ ದುಂಬಿ ನಮ್ಮ ಮೈದಾನದಲ್ಲೂ ಇದೆ. ಕೆನೆಬಣ್ಣದ ಬೆನ್ನು, ಅದರ ಮೇಲೆ ಕಂದು ಗೆರೆಗಳು, ಗಾತ್ರ ತೊಗರಿಕಾಳಿನಷ್ಟು. ಮುಂಗಾರು ಬಿದ್ದಾಗ ಮಣ್ಣಿನಿಂದ ಏಳುತ್ತದೆ. ಎಲೆಗಳ ಮೇಲೆ ಹಳದಿ ಮೊಟ್ಟೆಯಿಡುತ್ತದೆ. ತಾಯಿಯೂ ಮರಿಯೂ ಕೂಡಿ ಎಲೆಯನ್ನು ಮುಗಿಸುತ್ತವೆ. ಚಳಿಗಾಲದ ಹೊತ್ತಿಗೆ ಮತ್ತೆ ಮಣ್ಣೊಳಗೆ ನಿದ್ದೆ. ಅದರ ಸಂತತಿ ತುಂಬಿ ತುಳುಕುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ನಾವು ರಾಶಿ ಹಾಕಿ ಬೆಂಕಿಯಿಡುವುದೂ ಅದೇ ತಿಂಗಳಲ್ಲಿ! ಕಳೆಯ ಶತ್ರುವನ್ನು ಕಳೆಯೊಡನೆಯೇ ಸುಡುವ ಇಂತಹ ಸೇವೆಯಿಂದ ಗಿಡಕ್ಕಲ್ಲದೆ ಇನ್ನಾರಿಗೆ ಲಾಭ?

ನನ್ನ ಈ ವಾದವನ್ನು ಕೇಳಿದ ನಮ್ಮ ಗುರುಗಳೊಬ್ಬರು, "ಹುಳುವನ್ನು ನಂಬಿ ಕೈಕಟ್ಟಿ ಕೂರುವುದಕ್ಕೆ ಒಳ್ಳೆಯ ನೆಪ ಹುಡುಕಿದ್ದೀಯಪ್ಪ" ಎಂದರು. ಅವರ ಶಂಕೆ ನ್ಯಾಯವಾದದ್ದು. ದುಂಬಿ ಒಂದೇ ಸಾಲದು. ಅದು ಮಲಗಿರುವ ಬೇಸಗೆಯಲ್ಲಿ ಕಾಲುವೆಯಂಚಿನ, ಕೊಳಾಯಿ ಸೋರುವ ಕಡೆಯ ಗಿಡ ಹಾಯಾಗಿ ಹೂ ಬಿಡುತ್ತದೆ. ಪರದೇಶದ ಹುಳುವನ್ನು ತರುವುದರಲ್ಲಿ ಅಪಾಯವೂ ಇದೆ. 1990ರ ದಶಕದ ಮೊದಲಲ್ಲಿ ಇದೇ ದುಂಬಿ ನಮ್ಮ ರಾಜ್ಯದ ಸೂರ್ಯಕಾಂತಿ ಹೊಲಗಳಲ್ಲಿ ಕಂಡು ರೈತರು ಗಾಬರಿಯಾದರು. ಎರಡು ಗಿಡಗಳೂ ಒಂದೇ ಕುಟುಂಬದವು ತಾನೆ! ವಿಚಾರಣೆ ನಡೆಯಿತು. ಪಕ್ಕದ ಪಾರ್ಥೇನಿಯಂ ಗಿಡಗಳ ಪರಾಗ ಗಾಳಿಯಲ್ಲಿ ಬಂದು ಸೂರ್ಯಕಾಂತಿಯ ಎಲೆಯ ಮೇಲೆ ಕುಳಿತಾಗ ಅದರ ವಾಸನೆ-ರುಚಿಗೆ ಮರುಳಾಗಿ ದುಂಬಿ ಆ ಎಲೆಯನ್ನು ಕಚ್ಚುತ್ತಿತ್ತೆಂದು ತಿಳಿದುಬಂತು. ಒಂದು ಹುಳುವಿನ ನಾಲಗೆಯನ್ನು ಅರಿಯುವುದಕ್ಕೆ ಇಷ್ಟೊಂದು ತಾಳ್ಮೆ ಬೇಕು. ಇದನ್ನು ಕ್ಷುಲ್ಲಕ ಸಂಶೋಧನೆಯೆಂದು ಹಳಿಯುವವರು ಸೂರ್ಯಕಾಂತಿ ಬೆಳೆದ ರೈತನೊಬ್ಬನನ್ನು ಕೇಳಿ ಬರಲಿ.

ಎಲ್ಲ ಕಳೆಗೂ ಇಂತಹ ಹುಳು ದೊರೆಯುವುದಿಲ್ಲವೆಂಬುದನ್ನೂ ಒಪ್ಪಬೇಕು. ಲಂಟಾನ ನಮ್ಮ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಹೂವಿನ ಅಂದಕ್ಕಾಗಿ. 1921ರಿಂದಲೂ ಅದರ ಮೇಲೆ ಒಂದೊಂದಾಗಿ ಕೀಟಗಳನ್ನು ಬಿಟ್ಟು ನೋಡಿದ್ದಾರೆ, ಅದು ಮಣಿದಿಲ್ಲ. ತೋಟಗಾರರು ಹಲವು ಜಾತಿಗಳನ್ನು ಬೆರೆಸಿ ಮಾಡಿದ ಗಿಡವಾದ್ದರಿಂದ ತವರಿನ ಹುಳುವೂ ಅದರ ಗುರುತು ಹಿಡಿಯಲಾರದೆ ಹೋಗುತ್ತದೆ. ಎಲೆಯನ್ನು ಯಾವ ದನವೂ ಮುಟ್ಟದು, ಹಣ್ಣನ್ನು ಮಾತ್ರ ಪಿಕಳಾರ ಹಕ್ಕಿಗಳು ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರೊಳಗೆ ಅದು ಆವರಿಸಿದ ಜಾಗ ಸುಮಾರು ದುಪ್ಪಟ್ಟಾಯಿತೆಂದು ಸಂಶೋಧಕರು ಅಳೆದಿದ್ದಾರೆ. ಅಲ್ಲಿನ ಸೋಲಿಗರು ಹೇಳುವುದು ಬೇರೊಂದು ಮಾತು: ಹಿಂದೆ ತಾವು ಬೇಸಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ಈ ಪೊದೆಯನ್ನು ತಡೆದಿಡುತ್ತಿತ್ತು, ಅದನ್ನು ನಿಷೇಧಿಸಿದ ಮೇಲೆ ಕಾಡೆಲ್ಲ ಲಂಟಾನವಾಯಿತು, ಎಂದು. ವಿದ್ವಾಂಸರು ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ನಮ್ಮ ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿ ಸಿಕ್ಕೀತು?

ಇನ್ನು ನಮ್ಮ ಮೈದಾನಕ್ಕೆ ಬರುತ್ತೇನೆ. ಶ್ರಮದಾನವನ್ನು ಮಳೆ ಹಿಡಿದ ಮೂರು ವಾರದೊಳಗೆ ಇಟ್ಟುಕೊಳ್ಳೋಣ. ಆಗ ಮಣ್ಣು ಹಸಿಯಾಗಿರುವುದರಿಂದ ಗಿಡ ಬೇರುಸಹಿತ ಬರುತ್ತದೆ, ಇನ್ನೂ ಹೂವಾಗಿರುವುದಿಲ್ಲ. ಕೈಚೀಲವಿಲ್ಲದೆ ಯಾರನ್ನೂ ಕೀಳಲು ಇಳಿಸಬಾರದು. ತುರಿಕೆಯಿಂದ ಪರೀಕ್ಷೆ ತಪ್ಪಿಸಿಕೊಂಡವರು ನಮ್ಮಲ್ಲೇ ಇದ್ದಾರೆ. ಸೆಪ್ಟೆಂಬರಿನಲ್ಲಿ ಬೆಂಕಿ ಬೇಡ. ಆ ತಿಂಗಳಲ್ಲಿ ದುಂಬಿಗಳನ್ನು ಡಬ್ಬಿಗಳಲ್ಲಿ ಹಿಡಿದು, ಅವು ಇಲ್ಲದ ಕಡೆಗೆ, ವಿದ್ಯಾರ್ಥಿನಿಲಯದ ಹಿಂಭಾಗಕ್ಕೂ ಕೆರೆಯ ಏರಿಗೂ ಒಯ್ದು ಬಿಡಬಹುದು. ಹುಳು ಕಂಡ ಗಿಡಕ್ಕೆ ಒಂದು ದಾರ ಕಟ್ಟಿ, ವಾರಕ್ಕೊಮ್ಮೆ ಎಣಿಸಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಪ್ರಯೋಗಾಲಯವೇನೂ ಬೇಕಾಗಿಲ್ಲ. ಮೈದಾನದ ಪೂರ್ವದ ಮೂಲೆಯಿಂದ ಪ್ರಾರಂಭಿಸಬಹುದು. ಹೋದ ಮಳೆಗಾಲದಲ್ಲಿ ದುಂಬಿಗಳು ಹೆಚ್ಚಾಗಿದ್ದದ್ದು ಅಲ್ಲಿಯೇ.