ಮಾತ್ರೆಗೆ ಹೆದರುವವರು ದನದ ಔಷಧಿಗೆ ಯಾಕೆ ಹೆದರುವುದಿಲ್ಲ?

ನಾಯಿಯ ಉಣ್ಣೆ, ಚಿಗಟಕ್ಕೆ ಬಾಯಿಗೆ ಕೊಡುವ ಮಾತ್ರೆ ಬರೀ ವಿಷವಂತೆ, ತಿಂದ ನಾಯಿಗೆ ಫಿಟ್ಸ್ ಬರುತ್ತದಂತೆ, ಅಮೆರಿಕದವರೇ ಎಚ್ಚರಿಸಿದ್ದಾರಂತೆ. ನಾಯಿ ಸಾಕುವವರ ನಡುವೆ ಓಡಾಡುವ ಈ ಮಾತಿನಲ್ಲಿ ಅರ್ಧ ನಿಜವಿದೆ. ನನ್ನ ತಕರಾರು ಇರುವುದು ಆ ಮಾತು ನಂಬಿದವರು ಆಮೇಲೆ ಮಾಡುವ ಕೆಲಸದ ಬಗ್ಗೆ. ಮಾತ್ರೆ ಬೇಡವೆಂದವರು ಕೊಟ್ಟಿಗೆಯ ಅಟ್ಟದಿಂದ ದನದ ಡೆಲ್ಟಾಮೆಥ್ರಿನ್ ಬಾಟಲಿ ಇಳಿಸುತ್ತಾರೆ. ಮುಚ್ಚಳದ ಲೆಕ್ಕದಲ್ಲಿ ಬಕೆಟ್‌ಗೆ ಸುರಿದು ನಾಯಿಯ ಮೈಮೇಲೆ ಹೊಯ್ಯುತ್ತಾರೆ. ಅದೂ ಎಲ್ಲಿ? ಸಾದಲಿಯಂಥ ರೇಷ್ಮೆ ಸೀಮೆಯಲ್ಲಿ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ಕೇಳದವರು ರೇಷ್ಮೆ ಲೋಕದಲ್ಲಿಲ್ಲ. ಆ ಮಾರುಕಟ್ಟೆಗೆ ಗೂಡು ಹೊರುವ ಸಾದಲಿ ಹೋಬಳಿಯ ರೈತನಿಗೆ ಕೀಟನಾಶಕದ ಪಾಠ ಯಾರೂ ಹೇಳಬೇಕಿಲ್ಲ. ಪಕ್ಕದ ಹೊಲದವನು ಟೊಮೆಟೊಗೆ ಔಷಧಿ ಹೊಡೆದರೆ ಬದುವಿನ ಮೇಲೆ ಜಗಳ ಶುರು. ಹುಳುಮನೆಯ ಹತ್ತಿರ ಸೊಳ್ಳೆ ಬತ್ತಿ ಹಚ್ಚಲೂ ಯೋಚಿಸುತ್ತಾರೆ. ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಔಷಧಿಯ ಸೋಂಕು ಚೂರು ತಗುಲಿದ ಸೊಪ್ಪು ತಿಂದರೂ ಹುಳು ತಲೆಯಾಡಿಸುತ್ತಾ ಹಸಿರು ರಸ ಕಾರಿ ಸಾಯುತ್ತದೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚುವ ಹಂತ ದಾಟಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕಾದ ಹುಳು ಹೀಗೆ ಹೋದರೆ ಆ ಬೆಳೆಯ ಸಾಲ ಯಾರು ತೀರಿಸುತ್ತಾರೆ? ಅದೇ ಔಷಧಿಯಲ್ಲಿ ನೆನೆದ ನಾಯಿ ಮಾತ್ರ ಸೊಪ್ಪಿನ ಮೂಟೆಗೆ ಮೈ ಒರಗಿಸಿ ಮಲಗಬಹುದು. ನಾಯಿಯ ಮೈ ತಿಕ್ಕಿದ ಕೈಯಲ್ಲೇ ಸೊಪ್ಪು ಹಾಕಬಹುದು. ಟೊಮೆಟೊ ಹೊಲದವನ ಮೇಲಿರುವ ಸಿಟ್ಟಿನಲ್ಲಿ ಕಾಲು ಭಾಗವನ್ನಾದರೂ ನಮ್ಮ ಬಕೆಟ್ಟಿನ ಮೇಲೆ ತೋರಿಸಬೇಡವೇ?

ಈಗ ಆ ಅರ್ಧ ನಿಜಕ್ಕೆ ಬರೋಣ. ಅಫಾಕ್ಸೊಲನರ್, ಫ್ಲುರಾಲನರ್, ಸಾರೊಲನರ್, ಲೋಟಿಲನರ್ ಇವು ಐಸಾಕ್ಸಜೊಲಿನ್ ಎಂಬ ಒಂದೇ ಕುಲದ ಔಷಧಿಗಳು. ನೆಕ್ಸ್‌ಗಾರ್ಡ್, ಬ್ರಾವೆಕ್ಟೊ, ಸಿಂಪಾರಿಕಾ ಎಂಬ ಹೆಸರಿನಲ್ಲಿ ನಮ್ಮಲ್ಲೂ ಸಿಗುತ್ತವೆ. ಮಾತ್ರೆ ರಕ್ತಕ್ಕೆ ಸೇರುತ್ತದೆ, ಆ ರಕ್ತ ಹೀರಿದ ಚಿಗಟ, ಉಣ್ಣೆಯ ನರವ್ಯವಸ್ಥೆ ಕೆಟ್ಟು ಅವು ಸಾಯುತ್ತವೆ. ನಾಯಿಯ ನರಕ್ಕಿಂತ ಕೀಟದ ನರಕ್ಕೆ ಇದು ಬಹಳ ಹೆಚ್ಚು ಅಂಟಿಕೊಳ್ಳುವುದರಿಂದ ನಾಯಿ ಬದುಕುತ್ತದೆ. ಆದರೆ ಎಲ್ಲ ನಾಯಿಯಲ್ಲೂ ಲೆಕ್ಕ ಹೀಗೆಯೇ ಇರುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಎಚ್ಚರಿಕೆ ಇದೇ: ಕೆಲವು ನಾಯಿ, ಬೆಕ್ಕುಗಳಲ್ಲಿ ಸ್ನಾಯು ನಡುಕ, ತೂರಾಟ, ಫಿಟ್ಸ್ ಕಂಡಿವೆ. ಹಿಂದೆ ಫಿಟ್ಸ್ ಬರದ ಪ್ರಾಣಿಗಳಲ್ಲೂ ಕಂಡಿವೆ. ಅದೇ ಪ್ರಕಟಣೆಯಲ್ಲಿ, ಬಹುಪಾಲು ಪ್ರಾಣಿಗಳಿಗೆ ಈ ಔಷಧಿಗಳು ಸುರಕ್ಷಿತ ಮತ್ತು ಪರಿಣಾಮಕಾರಿ ಎಂದೂ ಇತ್ತು. ಅವನ್ನು ಮಾರುಕಟ್ಟೆಯಿಂದ ತೆಗೆಯಲಿಲ್ಲ. ಹೆದರಿಸುವವರು ಮೊದಲ ಭಾಗ ಓದುತ್ತಾರೆ, ಮಾರುವವರು ಎರಡನೆಯದನ್ನು ಓದುತ್ತಾರೆ.

ಈ ಮಾತ್ರೆಗಳ ಬಗ್ಗೆ ನಾಯಿ ಮಾಲೀಕರನ್ನೂ ಪಶುವೈದ್ಯರನ್ನೂ ಕೇಳಿ ಮಾಡಿದ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ತೊಂದರೆ ಹೇಳಿಕೊಂಡವರೇ ಹೆಚ್ಚು. ಅಂಥ ಸಮೀಕ್ಷೆಗೆ ತೊಂದರೆ ಅನುಭವಿಸಿದವರು ಹುಡುಕಿಕೊಂಡು ಬಂದು ಉತ್ತರಿಸುತ್ತಾರೆ, ಸುಖವಾಗಿರುವವರಿಗೆ ಪುರುಸೊತ್ತಿರುವುದಿಲ್ಲ. ಅದನ್ನು ಕಸದ ಬುಟ್ಟಿಗೂ ಹಾಕಬೇಡಿ, ಪ್ರಮಾಣವೆಂದೂ ಹಿಡಿಯಬೇಡಿ.

ಇನ್ನು ಹಳೆಯ, ಅಗ್ಗದ, ‘ನಮ್ಮ ಅಪ್ಪನ ಕಾಲದಿಂದ ಬಂದ’ ಔಷಧಿಗಳೇನು ಸಾಧುವೇ? ಅಮಿಟ್ರಾಜ್ ನೆಕ್ಕಿದ ನಾಯಿ ಮಂಕಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಅದನ್ನು ಬಳಿಯುವವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅವರಿಗೂ ಅದು ಒಳ್ಳೆಯದಲ್ಲ. ಐವರ್‌ಮೆಕ್ಟಿನ್ ದೊಡ್ಡ ಔಷಧಿ, ಅದರ ಮೂಲವಸ್ತು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಿದೆ. ಆದರೆ ದನದ ಪ್ರಮಾಣದ ಸೂಜಿಯನ್ನು ಕಣ್ಣಂದಾಜಿನಲ್ಲಿ ನಾಯಿಗೆ ಚುಚ್ಚಿದರೆ ಅದೇ ಯಮ. ಕೋಲಿ ತಳಿಯಲ್ಲಿ ಮತ್ತು ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿ ಈ ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ವಂಶವಾಹಿಯಲ್ಲೇ ದೋಷವಿರುತ್ತದೆ. ‘ಶೆಫರ್ಡ್ ಕ್ರಾಸ್’ ಎಂದು ಹೆಮ್ಮೆಯಿಂದ ಕಟ್ಟಿದ ನಾಯಿಗೆ ಇದನ್ನು ಚುಚ್ಚುವ ಮುನ್ನ ಯಾರು ಯೋಚಿಸುತ್ತಾರೆ?

ಏನೂ ಕೊಡದಿರುವುದಕ್ಕೂ ಬೆಲೆಯಿದೆ. ನಾಯಿಯ ಕಿವಿಯ ಒಳಮಡಿಕೆ ತಿರುಗಿಸಿ ನೋಡಿ, ಕಾಲ್ಬೆರಳ ಸಂದು ಬಿಡಿಸಿ ನೋಡಿ. ಹರಳು ಬೀಜದಂತೆ ಊದಿದ ಬೂದು ಉಣ್ಣೆ ಒಂದು ಉದುರಿದರೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಎರ್ಲಿಕಿಯಾ, ಬೆಬೀಸಿಯಾ ರೋಗ ತರುವುದು ಇದೇ ಉಣ್ಣೆ. ಜನ ಟಿಕ್ ಫೀವರ್ ಎನ್ನುವುದು ಈ ರೋಗಗಳಿಗೇ. ಊಟ ಬಿಟ್ಟು, ಜ್ವರ ಬಂದು, ಮೂಗಿನಲ್ಲಿ ರಕ್ತ ಕಂಡಮೇಲೆ ಆಸ್ಪತ್ರೆಗೆ ಓಡಿದರೆ ಮಾತ್ರೆಯ ಹತ್ತು ಪಟ್ಟು ಖರ್ಚಾದೀತು, ನಾಯಿ ಉಳಿಯುವ ಭರವಸೆಯೂ ಇಲ್ಲ.

ಹಾಗಾಗಿ ನನ್ನ ಓಟು ಮಾತ್ರೆಗೆ. ಆದರೆ ಮಾರುವವರ ಮಾತಿನಂತೆ ವರ್ಷವಿಡೀ, ಎಲ್ಲ ನಾಯಿಗೆ, ತಿಂಗಳು ತಪ್ಪದೆ ಎಂಬುದಕ್ಕಲ್ಲ. ಮಾತ್ರೆ ಉಣ್ಣೆ ಕಚ್ಚುವುದನ್ನು ತಡೆಯುವುದಿಲ್ಲ, ಕಚ್ಚಿದ್ದನ್ನು ಕೊಲ್ಲುತ್ತದೆ ಅಷ್ಟೆ. ಚಿಗಟದ ಮೊಟ್ಟೆ, ಮರಿ, ಕೋಶಗಳೆಲ್ಲ ನಾಯಿ ಮಲಗುವ ಗೋಣಿಚೀಲದಲ್ಲೂ ನೆಲದ ಸಂದಿನಲ್ಲೂ ಇರುತ್ತವೆ. ಗೋಣಿ ಬಿಸಿಲಿಗೆ ಹಾಕದೆ, ಗೋಡೆಯ ಬಿರುಕು ಮುಚ್ಚದೆ ಬರೀ ಮಾತ್ರೆ ನುಂಗಿಸುವುದು ದುಡ್ಡು ದಂಡ.

ರೇಷ್ಮೆಯವರು ಇನ್ನೊಂದು ವಿಷಯ ಗಮನಿಸಬೇಕು. ಹನ್ನೆರಡು ವಾರ ಕೆಲಸ ಮಾಡುವ ಫ್ಲುರಾಲನರ್ ಬಹುಪಾಲು ಹಾಗೆಯೇ ನಾಯಿಯ ಮಲದಲ್ಲಿ ಹೊರಬರುತ್ತದೆ. ಅದು ಕೀಟವನ್ನು ಕೊಲ್ಲುವ ಔಷಧಿ. ಮಾತ್ರೆ ಕೊಟ್ಟ ನಾಯಿಯನ್ನು ಹಿಪ್ಪುನೇರಳೆ ತೋಟದಲ್ಲಿ ಮಲ ಮಾಡಲು ಬಿಡಬಾರದು, ಆ ಮಲ ತೋಟದ ಗೊಬ್ಬರದ ಗುಂಡಿಗೂ ಬೀಳಬಾರದು. ಇದು ಅತಿ ಎಚ್ಚರಿಕೆ ಎನ್ನುವವರಿಗೆ ಇಂಗ್ಲೆಂಡಿನ ಉದಾಹರಣೆ ಇದೆ. ಅಲ್ಲಿನ ನದಿಗಳನ್ನು ಪರೀಕ್ಷಿಸಿ 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ವರದಿಯಲ್ಲಿ ಬಹುತೇಕ ಎಲ್ಲ ಮಾದರಿಗಳಲ್ಲೂ ಫಿಪ್ರೊನಿಲ್ ಎಂಬ ಕೀಟನಾಶಕ ಇತ್ತು. ಸಾಕುಪ್ರಾಣಿಗಳ ಬೆನ್ನಿಗೆ ಹನಿಸುವ ಚಿಗಟದ ಔಷಧಿಯ ಮೇಲೇ ಅವರು ಬೆರಳು ತೋರಿಸಿದ್ದು.

ಉಣ್ಣೆಯ ಕಾಟ ಸಾಕುನಾಯಿಗಷ್ಟೇ ಸೀಮಿತವಲ್ಲ. ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದ್ದು ಸಂತಾನಹರಣ, ಜಂತುಹುಳು ಔಷಧಿ, ಲಸಿಕೆಯ ಮಾತು. ಹಿಡಿದ ನಾಯಿ ಹೇಗೂ ಕೈಯಲ್ಲಿದೆ, ಉಣ್ಣೆಗೂ ಒಂದು ಡೋಸ್ ಸೇರಿಸಿದರೆ ಊರಿನ ಸಾಕುನಾಯಿಗಳ ಹೊರೆಯೂ ಇಳಿಯುತ್ತದೆ. ಸರ್ಕಾರ ಅಲ್ಲಿಂದಲೇ ಶುರು ಮಾಡಲಿ. ಹೋಬಳಿಯ ಪಶು ಆಸ್ಪತ್ರೆಗಳಲ್ಲಿ ನಾಯಿಯ ಮಾತ್ರೆಯೂ ರಿಯಾಯಿತಿ ದರದಲ್ಲಿ ಸಿಗಲಿ, ತೂಕದ ಯಂತ್ರವೊಂದಿರಲಿ. ಅಂಗಡಿಯವರು ವೈದ್ಯರ ಚೀಟಿಯಿಲ್ಲದೆ ಮಾತ್ರೆ ಕೊಡದಿರಲಿ.

ಅಲ್ಲಿಯವರೆಗೆ ನಿಮ್ಮ ಕೆಲಸ ಸುಲಭದ್ದು. ನಾಯಿಯನ್ನು ಎತ್ತಿಕೊಂಡು ತೂಕದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಆ ಸಂಖ್ಯೆ ಹಿಡಿದು ಪಶುವೈದ್ಯರ ಹತ್ತಿರ ಹೋಗಿ. ನಾಯಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನೇ ಮೊದಲು ಹೇಳಿ. ಮನೆಯಲ್ಲಿ ಹುಳು ಮೇಯಿಸುತ್ತಿದ್ದರೆ ಅದನ್ನೂ ಹೇಳಿ.